ನಾಡಿನ ಅರಿವು, ನಂಟಿನ ಅರಿವು

ಕಳೆದ ನವೆಂಬರ್‌ನಲ್ಲಿ ಮದ್ರಸದ ಮಕ್ಕಳಿಗೆ ಕರ್ನಾಟಕದ ಕುರಿತು ಕೆಲವು ಪ್ರಶ್ನೆಗಳನ್ನು ಕೇಳಿದೆ. ರಾಜ್ಯದ ಪಕ್ಷಿ ನೀಲಕಂಠ, ಪ್ರಾಣಿ ಆನೆ, ಪುಷ್ಪ ಕಮಲ, ವೃಕ್ಷ ಶ್ರೀಗಂಧ, ಲಾಂಛನದಲ್ಲಿರುವುದು ಗಂಡಭೇರುಂಡ. ಎಲ್ಲವನ್ನೂ ಥಟ್ಟನೆ ಹೇಳಿದರು. ಆಗ ಬಾಲಕನೊಬ್ಬ ಎದ್ದು ನಿಂತು, "ಉಸ್ತಾದ್, ಈ ನಾಡಿಗಾಗಿ ನಮ್ಮ ಹಿರಿಯರು ಏನು ಮಾಡಿದ್ದಾರೆ?" ಎಂದು ಕೇಳಿದ. ಆ ಪ್ರಶ್ನೆಗೆ ಮನೆಯಲ್ಲಿಯೂ ಉತ್ತರ ದೊರೆಯಬೇಕೆಂಬ ಆಶಯದಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ರಾಜ್ಯದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಕರಾವಳಿ, ಮಲೆನಾಡು, ಬಯಲುಸೀಮೆ ಎಂಬ ಮೂರು ಬಗೆಯ ಭೂಮಿ ಇಲ್ಲಿದೆ. ಮೈಸೂರು, ಕೊಡಗು ಹಾಗೂ ಮುಂಬಯಿ, ಹೈದರಾಬಾದ್, ಮದ್ರಾಸ್ ಪ್ರಾಂತ್ಯಗಳ ಕನ್ನಡ ಪ್ರದೇಶಗಳು 1956ರ ನವೆಂಬರ್ 1ರಂದು ಒಂದಾದವು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು ಬಂತು.

ದೇಶದ ಕಾಫಿಯ ಸುಮಾರು ಶೇಕಡಾ 70ರಷ್ಟು ಬೆಳೆಯುವುದು ಈ ರಾಜ್ಯದಲ್ಲಿಯೇ. ಯೆಮೆನ್‌ನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದವರು ಬಾಬಾ ಬುಡನ್ ಎಂಬುದು ಪ್ರತೀತಿ. ರೇಷ್ಮೆ ಉತ್ಪಾದನೆಯಲ್ಲಿಯೂ ಕರ್ನಾಟಕವೇ ಮುಂದು. ಮೈಸೂರು ಸೀಮೆಯಲ್ಲಿ ಈ ಕಸುಬಿಗೆ ಬುನಾದಿ ಹಾಕಿದವರು ಟಿಪ್ಪು ಸುಲ್ತಾನ್; ಅವರು ಬಂಗಾಳದಿಂದ ರೇಷ್ಮೆಹುಳುಗಳನ್ನು ತರಿಸಿದ್ದರು. ಬಹಮನಿಗಳ ಕಾಲದಲ್ಲಿ ನೆಲೆಯೂರಿದ ಬಿದರಿ ಕಲೆಯಲ್ಲಿ ಸತುವು-ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯನ್ನು ಕೂರಿಸುತ್ತಾರೆ. ಅದನ್ನು ಕಪ್ಪಾಗಿಸಲು ಇಂದಿಗೂ ಬೀದರ್ ಕೋಟೆಯ ಮಣ್ಣೇ ಬೇಕು.

ವಿದ್ಯೆಯ ಕ್ಷೇತ್ರವೂ ಬರಿದಾಗಿರಲಿಲ್ಲ. ಇರಾನಿನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಬೀದರ್‌ನಲ್ಲಿ ಮದ್ರಸವನ್ನು ಕಟ್ಟಿ ಮುಗಿಸಿದರು. ದೊಡ್ಡ ಗ್ರಂಥಾಲಯವಿದ್ದ ಆ ವಿದ್ಯಾಲಯಕ್ಕೆ ದೂರದೇಶಗಳ ವಿದ್ವಾಂಸರು ಬರುತ್ತಿದ್ದರು. ಮುಂದೆ ಮದ್ದಿನ ಸ್ಫೋಟದಿಂದ ಅದರ ಒಂದು ಪಾರ್ಶ್ವ ಉರುಳಿತು. ಉಳಿದ ಗೋಡೆಯ ನೀಲಿ ಹೆಂಚಿನ ಚೂರುಗಳನ್ನು ಇಂದಿಗೂ ನೋಡಬಹುದು. ಆಧುನಿಕ ಕಾಲದಲ್ಲಿ, 1926ರಿಂದ 1941ರವರೆಗೆ, ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ನಾಲ್ವಡಿ ಕೃಷ್ಣರಾಜ ಒಡೆಯರು ಅವರ ಸಹಪಾಠಿ. ಅರಸರ ವಿಶ್ವಾಸ ಮತ್ತು ದಿವಾನರ ದುಡಿಮೆ ಕೂಡಿದ ಆ ಅವಧಿಯಲ್ಲಿಯೇ ಬೃಂದಾವನ ಉದ್ಯಾನ ರೂಪುಗೊಂಡಿತು.

ಇವರಲ್ಲಿ ಯಾರೊಬ್ಬರೂ ಏಕಾಂಗಿಯಾಗಿ ದುಡಿದವರಲ್ಲ. ಹುಳು ಸಾಕಿದ ರೈತರು, ಬೆಳ್ಳಿ ಕೂರಿಸಿದ ಕುಶಲಕರ್ಮಿಗಳು, ತೋಟದ ಕೂಲಿಗಳು ಎಲ್ಲ ಸಮುದಾಯಗಳಿಗೂ ಸೇರಿದವರು. ಮಕ್ಕಳಿಗೆ ಹಿರಿಯರ ಹೆಸರುಗಳನ್ನು ಕಲಿಸುವಾಗ ಈ ಮಾತನ್ನೂ ಕಲಿಸಬೇಕು. ನೂರು ವರ್ಷಗಳ ಬಳಿಕ ಮತ್ತೊಬ್ಬ ಬಾಲಕ ಇದೇ ಪ್ರಶ್ನೆಯನ್ನು ಕೇಳಿದಾಗ, ನಮ್ಮ ತಲೆಮಾರಿನ ಯಾವ ಕೆಲಸವನ್ನು ಅವನ ಉಸ್ತಾದರು ತೋರಿಸಬಲ್ಲರು?