ಪಾನಶಾಲೆಯಿಂದ ದ್ರಾಕ್ಷಿಪಡದವರೆಗೆ

ಬೆಲ್ಜಿಯಂ ದೇಶದ ಕ್ರೈಸ್ತಮಠಗಳಲ್ಲಿ ರೂಪುಗೊಂಡು, ಈಚೆಗೆ ಬೆಂಗಳೂರಿನ ಕಿರುಬ್ರೂವರಿಗಳಲ್ಲಿಯೂ ಆ ಮಾದರಿಯಲ್ಲಿ ಸಿದ್ಧವಾಗುತ್ತಿರುವ ಗಾಢಕಪಿಲ ವರ್ಣದ ‘ಡಾರ್ಕ್ ಏಲ್’ ಎಂಬ ಬಿಯರನ್ನು ಅಗಲಬಾಯಿಯ ಗಾಜಿನ ಪಾತ್ರೆಗೆ ಬಗ್ಗಿಸಿ, ಮೇಲೆ ನಿಂತ ನಸುಗಂದು ನೊರೆ ಅರ್ಧ ಇಳಿಯುವವರೆಗೆ ಕಾದು, ಅನಂತರ ಮೂಗಿನ ಬಳಿಗೆ ತಂದರೆ, ಮೊದಲು ಎದುರುಗೊಳ್ಳುವುದು ಮದ್ಯದ ಘಾಟಲ್ಲ, ಒಣದ್ರಾಕ್ಷಿಯ ಗಂಧ. ಅದರ ಬೆನ್ನಿಗೇ ಅಂಜೂರ, ಲವಂಗ ಮತ್ತು ತಳಹಿಡಿಯುವ ಮುನ್ನಿನ ಬೆಲ್ಲದ ಪಾಕದ ಛಾಯೆ. ನಾಲಗೆಯ ಮೇಲೆ ಸಿಹಿಯಾಗಿ ಆರಂಭವಾಗುವ ಆ ಪಾನವು ನಡುವೆ ಕಿಂಚಿತ್ ಕಹಿಯನ್ನು ತೋರಿ, ಗಂಟಲಿಳಿಯುವಾಗ ಸಿಹಿಯನ್ನೆಲ್ಲ ಕಳಚಿ, ಎದೆಯಲ್ಲಿ ಬಿಸುಪನ್ನು ಮಾತ್ರ ಉಳಿಸುತ್ತದೆ. ಇಷ್ಟಾದರೂ ಅದರಲ್ಲಿ ದ್ರಾಕ್ಷಿಯ ಒಂದು ಹನಿಯೂ ಇರುವುದಿಲ್ಲ. ಹುರಿದ ಬಾರ್ಲಿಮೊಳಕೆ, ಬೀಟ್‌ಗೆಡ್ಡೆಯ ಸಕ್ಕರೆಯನ್ನು ಕಪ್ಪಾಗುವಂತೆ ಕಾಸಿದ ಪಾಕ, ಹುದುಗುವಾಗ ಯೀಸ್ಟ್ ಬಿಡುವ ಫಲಗಂಧದ ಎಸ್ಟರುಗಳು, ಈ ಮೂರೂ ಕೂಡಿ ಒಣದ್ರಾಕ್ಷಿಯನ್ನು ಅಲ್ಲಿ ಕಲ್ಪಿಸುತ್ತವೆ.

ಶಿಮೇ, ವೆಸ್ಟ್‌ಮಾಲೆ, ರೋಶ್‌ಫೋರ್ ಮೊದಲಾದ ಟ್ರಾಪಿಸ್ಟ್ ಮಠಗಳ ಈ ಏಲುಗಳಲ್ಲಿ ಮದ್ಯಾಂಶವು ಶೇಕಡ 7ರಿಂದ 11ರವರೆಗೂ ಏರುವುದುಂಟು. 1919ರಲ್ಲಿ ಬೆಲ್ಜಿಯಂ ಸರ್ಕಾರ ಸಾರ್ವಜನಿಕ ಪಾನಗೃಹಗಳಲ್ಲಿ ಬಟ್ಟಿಯಿಳಿಸಿದ ಮದ್ಯದ ಮಾರಾಟವನ್ನು ನಿಷೇಧಿಸಿದ ಮೇಲೆ, ಕಟುಮದ್ಯಕ್ಕೆ ಹವಣಿಸುತ್ತಿದ್ದ ನಾಲಗೆಗಳು ಪ್ರಬಲವಾದ ಬಿಯರಿನತ್ತ ತಿರುಗಿದುವೆಂದು ಆ ದೇಶದ ಪಾನಚರಿತ್ರೆಯನ್ನು ಬರೆದವರು ಹೇಳುತ್ತಾರೆ. ರುಚಿಯನ್ನು ರೂಪಿಸುವುದರಲ್ಲಿ ಪಾಕಶಾಲೆಗಿರುವಷ್ಟೇ ಕೈ ಶಾಸನಕ್ಕೂ ಉಂಟೆಂಬುದಕ್ಕೆ ಇದೊಂದು ನಿದರ್ಶನ. ಎರಡನೆಯದು ನಮ್ಮ ವಿಜಯಪುರದ್ದು. ಬೆಲ್ಜಿಯಂ ಯಾವ ಗಂಧವನ್ನು ದ್ರಾಕ್ಷಿಯಿಲ್ಲದೆ ಬಾರ್ಲಿಯಿಂದ ಪಡೆಯಿತೋ, ಅದೇ ಗಂಧದ ಫಲವನ್ನು ಟಿಕೋಟಾ, ಬಬಲೇಶ್ವರದ ರೈತರು ಪ್ರತಿವರ್ಷ ರಾಶಿಗಟ್ಟಲೆ ಒಣಗಿಸಿ ಹೊರನಾಡಿಗೆ ಕಳುಹಿಸುತ್ತಾರೆ. ಒಂದು ಕಾಲದಲ್ಲಿ ಪಾನಶಾಲೆಗಳಿಗೆ ಹೆಸರಾಗಿದ್ದ ನಗರದ ಸುತ್ತಲ ದ್ರಾಕ್ಷಿ ಇಂದು ಪೀಪಾಯಿಯನ್ನು ಸೇರದೆ ಒಣಗಿಸುವ ಚಪ್ಪರವನ್ನೇ ಸೇರುತ್ತಿರುವುದು ಹೇಗೆಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಪಾನಶಾಲೆಗಳ ಮಾತಿಗೆ ಸಾಕ್ಷಿ ಅಸದ್ ಬೇಗ್. ಅಕ್ಬರನ ರಾಯಭಾರಿಯಾಗಿ 1603–04ರ ಸುಮಾರಿಗೆ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನಕ್ಕೆ ಬಂದ ಈತನು ವಿಜಯಪುರದ ಪೇಟೆಯನ್ನು ವಿಸ್ತಾರವಾಗಿ ಬಣ್ಣಿಸಿದ್ದಾನೆ. ರತ್ನಪಡಿ ವ್ಯಾಪಾರಿಗಳ, ಆಯುಧಗಾರರ, ರೊಟ್ಟಿ ಮಾರುವವರ ಅಂಗಡಿಗಳ ಸಾಲಿನಲ್ಲಿಯೇ ಮದ್ಯದಂಗಡಿಗಳೂ ಇದ್ದುವು. ಅಲ್ಲಿ ಚೀನಾದ ಪಿಂಗಾಣಿ ಹೂಜಿಗಳು, ಸ್ಫಟಿಕದ ಸೀಸೆಗಳು, ಬೆಲೆಬಾಳುವ ಬಟ್ಟಲುಗಳು ಒಪ್ಪವಾಗಿ ಜೋಡಿಸಿದ್ದುವು. ಕುಡಿಯುವವರೂ ನರ್ತಕಿಯರೂ ರಸಿಕರೂ ಗುಂಪುಗೂಡಿದ್ದರೂ ಅವರಲ್ಲಿ ಜಗಳವೆಂಬುದು ಕಾಣಲಿಲ್ಲವೆಂದು ಆ ಪರಸ್ಥಳದವನು ಬೆರಗಾಗಿದ್ದಾನೆ. ತಂಬಾಕನ್ನು ಆತನು ಮೊದಲು ಕಂಡದ್ದೂ ಈ ಊರಿನಲ್ಲಿಯೇ. ರತ್ನಖಚಿತವಾದ ಕೊಳವೆಯೊಡನೆ ಅದನ್ನು ಕೊಂಡೊಯ್ದು ಅಕ್ಬರನಿಗೆ ಒಪ್ಪಿಸಿದನು. ಹೊಸ ರುಚಿಯನ್ನು ಪರೀಕ್ಷಿಸಿ ಇತರರಿಗೆ ಹಂಚಬಲ್ಲ ನಾಗರಿಕತೆ ಅಂದಿನ ವಿಜಯಪುರಕ್ಕಿದ್ದಿತೆಂಬುದರಲ್ಲಿ ಸಂಶಯವಿಲ್ಲ.

ಅಸದ್ ಬೇಗನು ಬಂದದ್ದು ಇಬ್ರಾಹಿಮನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ವಧುವಾಗಿ ಕರೆದೊಯ್ಯುವ ಸಲುವಾಗಿ. ಆ ವರನೋ ಕುಡಿತದ ದಾಸ. ವಿವಾಹವಾದ ಮರುವರ್ಷ, 1605ರಲ್ಲಿ, ಬುರ್ಹಾನಪುರದಲ್ಲಿ ಅವನು ತೀರಿಕೊಂಡನು. ಕಾವಲಿನವರ ಕಣ್ಣು ತಪ್ಪಿಸಿ ಬಂದೂಕಿನ ನಳಿಕೆಯಲ್ಲಿ ತುಂಬಿ ತಂದ, ತುಕ್ಕು ಕರಗಿ ಬೆರೆತ ಮದ್ಯವೇ ಅವನನ್ನು ಕೊಂದಿತೆಂದು ಅಣ್ಣನಾದ ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಪೇಟೆಯಲ್ಲಿ ಬಹಿರಂಗವಾಗಿ ಕುಳಿತು ಜಗಳವಿಲ್ಲದೆ ಕುಡಿದ ಜನರೂ, ನಿಷೇಧದ ನಡುವೆ ಕದ್ದು ಕುಡಿದು ಸತ್ತ ಅರಸುಮಗನೂ ಒಂದೇ ರಾಯಭಾರದ ಎರಡು ತುದಿಗಳಲ್ಲಿ ನಿಂತಿದ್ದಾರೆ.

1686ರಲ್ಲಿ ಔರಂಗಜೇಬನಿಗೆ ನಗರವು ವಶವಾಯಿತು. ದರ್ಬಾರು ಚದುರಿದೊಡನೆ ಸ್ಫಟಿಕದ ಸೀಸೆಗಳ ಲೋಕವೂ ಚದುರಿತು. ಉಳಿದದ್ದು ಸಾಮಾನ್ಯರ ಪಾನವಾದ ಸೇಂದಿ. ಹಳ್ಳದ ದಂಡೆಯ ಈಚಲು ಮರದ ನೆತ್ತಿಯನ್ನು ಕೆತ್ತಿ ಮಡಕೆ ಕಟ್ಟಿದರೆ ರಾತ್ರಿಯೆಲ್ಲ ಇಳಿಯುವ ಸಿಹಿನೀರು, ಹೊತ್ತೇರುತ್ತಲೇ ತಾನಾಗಿ ಹುದುಗಿ ಸಂಜೆಯೊಳಗೆ ಹುಳಿಯಾಗುತ್ತದೆ. ಈ ಕಸಬಿಗೆ ಕನ್ನಡನಾಡಿನಲ್ಲಿ ಅವಮಾನವಷ್ಟೇ ಇದ್ದಿತೆಂದು ಭಾವಿಸಬಾರದು. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದನು, ಹೆಂಡದ ಮಾರಾಟವೇ ಅವನ ಕಾಯಕವಾಗಿದ್ದಿತು. ಆದರೆ ಸೇಂದಿಗೆ ಆಯುಷ್ಯವಿಲ್ಲ. ಮಠದ ನೆಲಮಾಳಿಗೆಯಲ್ಲಿ ಸೀಸೆಯೊಳಗೇ ಮತ್ತೊಮ್ಮೆ ಹುದುಗಿ ವರ್ಷಗಟ್ಟಲೆ ಮಾಗುವ ಏಲಿನಂತೆ ಅದನ್ನು ಕಾದಿರಿಸಲು ಬಾರದು, ದೂರಕ್ಕೆ ಸಾಗಿಸಲೂ ಬಾರದು. ಮಾಗುವ ಪಾನಕ್ಕೆ ತಲೆಮಾರುಗಳ ತಾಳ್ಮೆಯುಳ್ಳ ಒಂದು ಸಂಸ್ಥೆ ಬೇಕು; ಅಂಥ ಸಂಸ್ಥೆ ಇಲ್ಲಿ ಬೇರೂರಲಿಲ್ಲ.

ಬ್ರಿಟಿಷರ ಕಾಲದಲ್ಲಿ ಬಂದ ಸಂಸ್ಥೆಯೆಂದರೆ ಅಬಕಾರಿ ಇಲಾಖೆ. ಮುಂಬಯಿ ಪ್ರಾಂತ್ಯದ 1878ರ ಅಬಕಾರಿ ಕಾಯಿದೆಯ ಅನ್ವಯ ಮರಕ್ಕೂ ಅಂಗಡಿಗೂ ಭಟ್ಟಿಗೂ ಸರ್ಕಾರದ ಲೆಕ್ಕ ಬಿದ್ದಿತು. ರುಚಿಯ ಚಿಂತೆ ಲೆಕ್ಕಪತ್ರದಲ್ಲಿ ಸೇರಲಿಲ್ಲ. ಸ್ವಾತಂತ್ರ್ಯಾನಂತರ 1950ರಲ್ಲಿ ಮುಂಬಯಿ ರಾಜ್ಯವು ಪೂರ್ಣ ಪಾನನಿರೋಧವನ್ನು ಜಾರಿಗೆ ತಂದಾಗ ಅದರ ಅಂಗವಾಗಿದ್ದ ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯೂ ಒಣಗಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿದರೂ ನಿರೋಧವು ಸಡಿಲವಾದದ್ದು 1967ರಲ್ಲಿ. ಮುಂದೆ 2007ರ ಜುಲೈಯಲ್ಲಿ ಕರ್ನಾಟಕ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಹೊರಟು, ವೈನ್ ತಯಾರಿಸುವವರಿಗೆ ಉತ್ತೇಜನ ದೊರೆಯಿತು. ಕೃಷ್ಣಾ ಕಣಿವೆಯ ದ್ರಾಕ್ಷಿಗೆ ಸೀಸೆಯ ಬಾಗಿಲು ತೆರೆದಂತಾಯಿತು.

ಆದರೆ ಅಷ್ಟರಲ್ಲಿ ರೈತನು ಬೇರೊಂದು ದಾರಿಯನ್ನು ಹಿಡಿದಾಗಿತ್ತು. ದಖ್ಖನಿನ ದ್ರಾಕ್ಷಿಗೆ ಚಳಿನಾಡಿನ ಬಳ್ಳಿಗಿರುವ ಹಿಮನಿದ್ರೆಯಿಲ್ಲ. ದೌಲತಾಬಾದಿನಲ್ಲಿ ವರ್ಷಕ್ಕೆ ಎರಡು ಬಾರಿ ದ್ರಾಕ್ಷಿ ಫಲಿಸುವುದೆಂದು ಹದಿನಾಲ್ಕನೆಯ ಶತಮಾನದಲ್ಲಿಯೇ ಇಬ್ನ್ ಬತೂತನು ಬರೆದಿದ್ದಾನೆ. ಆ ಪ್ರಕೃತಿಯನ್ನು ಇಂದಿನ ರೈತನು ಎರಡು ಚಾಟ್ನಿಗಳಿಂದ, ಎಂದರೆ ಬಳ್ಳಿ ಸವರುವಿಕೆಗಳಿಂದ, ಅಂಕೆಯಲ್ಲಿಟ್ಟುಕೊಂಡಿದ್ದಾನೆ: ಬೇಸಗೆಯ ಚಾಟ್ನಿ ಕಡ್ಡಿಯನ್ನು ಬೆಳೆಸಲಿಕ್ಕೆ, ಅಕ್ಟೋಬರಿನ ಸುಮಾರಿನದು ಹಣ್ಣನ್ನು ಹಿಡಿಸಲಿಕ್ಕೆ. ಮೊನ್ನೆಮೊನ್ನೆಯವರೆಗೆ ವಿಜಯಪುರ ತಾಲ್ಲೂಕಿನೊಳಗಿದ್ದು ಈಗ ತಾವೇ ತಾಲ್ಲೂಕುಗಳಾಗಿರುವ ಟಿಕೋಟಾ, ಬಬಲೇಶ್ವರದ ಮಡ್ಡಿಭೂಮಿಯಲ್ಲಿ ಥಾಮ್ಸನ್ ಸೀಡ್‌ಲೆಸ್, ಮಾಣಿಕ್ ಚಮನ್, ಸೋನಾಕಾ ತಳಿಗಳ ಪಡಗಳು ಹಬ್ಬಿವೆ. ಮಳೆ ಕಡಿಮೆ, ಗಾಳಿ ಒಣ, ಫೆಬ್ರುವರಿಯಿಂದ ಏಪ್ರಿಲಿನವರೆಗೆ ಬಿಸಿಲು ನಿಶ್ಚಿತ. ಯಾವ ಬರವು ಜೋಳದ ಒಕ್ಕಲನ್ನು ಕಾಡಿತೋ ಆ ಬರದ ಹವೆಯೇ ಮಣೂಕದ, ಎಂದರೆ ಒಣದ್ರಾಕ್ಷಿಯ, ಬಂಡವಾಳವಾಯಿತು.

ಗೊಂಚಲುಗಳನ್ನು ಕೊಯ್ದು, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕದಡಿದ ನೀರಿನಲ್ಲಿ ಕೆಲವು ನಿಮಿಷ ಅದ್ದಿದರೆ, ಕಾಯಿಯ ಮೇಲಣ ಮೇಣದ ಪೊರೆ ಸಡಿಲವಾಗುತ್ತದೆ. ಅನಂತರ ಅಂತಸ್ತು ಅಂತಸ್ತಾಗಿ ಜಾಲರಿ ಕಟ್ಟಿದ ರ‍್ಯಾಕ್‌ಗಳ ಮೇಲೆ, ನೆರಳಿನಲ್ಲಿ, ಗಾಳಿಗೆ ಹರಡುತ್ತಾರೆ. ಎರಡು ಮೂರು ವಾರಗಳಲ್ಲಿ ಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮಣೂಕವಾಗಿ, ತೇವವು ಶೇಕಡ 15ರ ಆಸುಪಾಸಿಗೆ ಇಳಿಯುತ್ತದೆ. ಆ ಬಳಿಕ ಅದು ಕಾಯಬಲ್ಲದು: ಶೀತಲಗೃಹದಲ್ಲಿಟ್ಟು, ಸಾಂಗ್ಲಿ, ತಾಸಗಾಂವ ಪೇಟೆಗಳಲ್ಲಿ ದರ ಏರಿದಾಗ ಮಾರಲು ಬರುತ್ತದೆ. ವೈನು ಕೇಳುವ ಪರವಾನಗಿ, ಪೀಪಾಯಿ, ಬಲ್ಲ ಗಿರಾಕಿ ಇವುಗಳಲ್ಲೊಂದನ್ನೂ ಮಣೂಕ ಕೇಳಲಿಲ್ಲ. ಪಾನಕ್ಕೆ ದೊರೆಯದಿದ್ದ ತಾಳ್ಮೆಯ ಸಂಸ್ಥೆ ಒಣಹಣ್ಣಿಗೆ ಕೋಲ್ಡ್ ಸ್ಟೋರೇಜಿನ ರೂಪದಲ್ಲಿ ದೊರೆಯಿತೆಂದು ಹೇಳಬಹುದು.

ಇಷ್ಟರಲ್ಲಿ ಒಂದು ವಿಪರ್ಯಾಸವುಂಟು. ಪೇಟೆಯಲ್ಲಿ ಹೆಚ್ಚು ದರ ಹಸಿರು ಮತ್ತು ಹೊಂಬಣ್ಣದ ಮಾಲಿಗೆ. ಆ ಬಣ್ಣ ಕೆಡದಿರಲೆಂದೇ ಗಂಧಕದ ಹೊಗೆಯನ್ನು ಕೊಡುವುದು. ರ‍್ಯಾಕ್ ಮೇಲಿರುವಾಗ ಅಕಾಲದ ಮಳೆಗೆ ಸಿಕ್ಕಿಯೋ, ಬಿಸಿಲು ತಾಕಿಯೋ ಕಂದಾದುದನ್ನು ಬೇರ್ಪಡಿಸಿ ಅಗ್ಗಕ್ಕೆ ಮಾರುತ್ತಾರೆ. ಬೆರಳಿನಲ್ಲಿ ಒತ್ತಿ ನೋಡಿ, ಎರಡನ್ನೂ ಪ್ರತ್ಯೇಕವಾಗಿ ಅಗಿದು ನೋಡಿದರೆ ಅಂತರ ತಿಳಿಯುತ್ತದೆ: ಹಸಿರಿನಲ್ಲಿ ಸಿಹಿ ಮತ್ತು ನಸುಹುಳಿ ಅಷ್ಟೆ, ಮಳೆಯ ಮುಗ್ಗಲು ಹಿಡಿಯದ ಕಂದಿನಲ್ಲಿ ಕಾಕಂಬಿಯ ಒಗರೂ, ಕಾಸಿದ ಸಕ್ಕರೆಯ ಗಂಧವೂ, ನಿಧಾನವಾಗಿ ಬಿಡುವ ಆಳವೂ ಇವೆ. ಬೆಲ್ಜಿಯಂನ ಗಾಢ ಏಲನ್ನು ಸವಿಯುವವರು ಒಣದ್ರಾಕ್ಷಿಯೆಂದು ಕೊಂಡಾಡುವುದು ಈ ಕಂದಿನ ರುಚಿಯನ್ನೇ ಹೊರತು, ನಾವು ಮೇಲ್ದರ್ಜೆಯೆಂದು ಚೀಲಕ್ಕೆ ತುಂಬುವ ಹಸಿರಿನದನ್ನಲ್ಲ. ಅಸದ್ ಬೇಗನ ಕಾಲದ ಪೇಟೆಗೆ ನಾಲಗೆಯಿದ್ದಿತು. ನಮ್ಮ ಪೇಟೆಗೆ ಕಣ್ಣು ಮಾತ್ರ ಉಳಿದಿದೆ. ಪಾನದ ಪುನರುದ್ಧಾರವಾಗಲಿ ಬಿಡಲಿ, ಅದು ಬೇರೆಯ ಚರ್ಚೆ. ಆದರೆ ಬಣ್ಣಕ್ಕೊಂದು ದರ್ಜೆ ಕಟ್ಟಿರುವ ಲಿಲಾವಿನ ಕಟ್ಟೆಯಲ್ಲಿ ರುಚಿಗೂ ಒಂದು ದರ್ಜೆಯನ್ನು ಕಟ್ಟಿದರೆ, ಇಂದು ಕಸದ ಬೆಲೆಗೆ ಹೋಗುವ ಒಳ್ಳೆಯ ಕಂದು ಮಣೂಕಕ್ಕೆ ಟಿಕೋಟಾದ ರೈತನು ಮರ್ಯಾದೆಯ ದರವನ್ನು ಕೇಳಬಲ್ಲನು.