ಸೈರನ್ ಯಾರಿಗಾಗಿ?

1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದಲ್ಲಿ ಗಾಳಿಯೇ ವಿಷವಾಯಿತು. ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ಟ್ಯಾಂಕಿಗೆ ನೀರು ಹೊಕ್ಕು, ಒಳಗಿನ ಕಾವು ಏರಿ, ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಹೊರನುಗ್ಗಿತು. ಅದು ಮೊದಲು ಹೊಕ್ಕಿದ್ದು ಬಂಗಲೆಗಳಿಗಲ್ಲ. ಗೋಡೆಯಾಚೆಯ ಜಯಪ್ರಕಾಶ ನಗರ, ಕಾಜಿ ಕ್ಯಾಂಪಿನ ಗುಡಿಸಲುಗಳಿಗೆ. ಸರ್ಕಾರದ ಮೊದಲ ಲೆಕ್ಕ 2,259 ಹೆಣ. ಆಮೇಲೆ ಅದೇ ಸರ್ಕಾರ 3,787 ಅಂತು. ಬದುಕುಳಿದವರ ಲೆಕ್ಕ ಇದಕ್ಕೂ ಎಷ್ಟೋ ಪಾಲು ದೊಡ್ಡದು.

ಇದನ್ನು ವಿಧಿ ಅಂತ ಕರೆದು ಕೈತೊಳೆದುಕೊಳ್ಳುವವರಿದ್ದಾರೆ. ನಾವು ಒಪ್ಪುವುದಿಲ್ಲ. ಇದು ಸಿಡಿಲು ಬಡಿದದ್ದಲ್ಲ. ಟ್ಯಾಂಕನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆ ಬಿಚ್ಚಿಟ್ಟಿತ್ತು. ಚಿಮ್ಮಿಸಿದ ನೀರು ಅನಿಲದ ಎತ್ತರಕ್ಕೆ ಮುಟ್ಟಲಿಲ್ಲ. 1981ರಲ್ಲೇ ಫಾಸ್ಜೀನ್ ವಿಷಕ್ಕೆ ಒಬ್ಬ ಕಾರ್ಮಿಕ ಬಲಿಯಾಗಿದ್ದ. 1982ರಲ್ಲಿ ಅಮೆರಿಕದಿಂದ ಬಂದ ಕಂಪನಿಯ ತಪಾಸಣೆಗಾರರೇ ಕೊರತೆಗಳನ್ನು ಪಟ್ಟಿ ಮಾಡಿ ಕೊಟ್ಟಿದ್ದರು. ಅದೇ ವರ್ಷ ಪತ್ರಕರ್ತ ರಾಜಕುಮಾರ ಕೇಸ್ವಾನಿ ತಮ್ಮ ಸಣ್ಣ ಪತ್ರಿಕೆಯಲ್ಲಿ ಊರಿಗೆ ಊರೇ ಎದ್ದು ಕೇಳುವಂತೆ ಬರೆದಿದ್ದರು. ಅಧಿಕಾರದಲ್ಲಿದ್ದವರಿಗೆ ಕಿವಿಯಿರಲಿಲ್ಲ.

ಆ ರಾತ್ರಿ ಹೊರಗಿನ ಸೈರನ್ ತುಸು ಹೊತ್ತು ಕೂಗಿ ನಿಂತಿತು. ಮಂದಿ ಕೆಮ್ಮುತ್ತಾ, ಕಣ್ಣುಜ್ಜಿಕೊಳ್ಳುತ್ತಾ ಎದ್ದು ದಿಕ್ಕುಗೆಟ್ಟು ಓಡಿದರು. ಎಷ್ಟೋ ಜನ ಗಾಳಿಯ ಜೊತೆಗೇ, ವಿಷದ ಜೊತೆಗೇ ಓಡಿದರು. ಓಡಿದಷ್ಟೂ ಉಸಿರು ಹೆಚ್ಚು, ಉಸಿರು ಹೆಚ್ಚಿದಷ್ಟೂ ವಿಷ ಹೆಚ್ಚು. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ, ಗಾಳಿಗೆ ಅಡ್ಡಲಾಗಿ ಸರಿಯಿರಿ — ಇಷ್ಟು ಮಾತು ಮೊದಲೇ ಕೇರಿಗೆ ಮುಟ್ಟಿದ್ದರೆ ಎಷ್ಟೋ ಜೀವ ಉಳೀತಿತ್ತು. ಒದ್ದೆ ಬಟ್ಟೆಗೆ ಎಷ್ಟು ದುಡ್ಡು ಬೇಕು ಹೇಳಿ? ಆದರೆ ಆ ಮಾತು ಹೇಳಬೇಕಾದರೆ ಒಳಗಿರುವುದು ವಿಷ ಅಂತ ಒಪ್ಪಿಕೊಳ್ಳಬೇಕಿತ್ತು.

ಇಷ್ಟು ಹೆಣ ಬಿದ್ದ ಮೇಲೆ ಕಾನೂನಿಗೆ ಎಚ್ಚರವಾಯಿತು. 1987ರ ತಿದ್ದುಪಡಿ ಕಾರ್ಖಾನೆ ಕಾಯಿದೆಯೊಳಗೆ ಹೊಸ ಮಾತು ಬರೆಯಿತು: ಮಾಲೀಕ ತನ್ನ ಕಾರ್ಖಾನೆಯೊಳಗಿನ ತುರ್ತು ಯೋಜನೆ ಸಿದ್ಧಮಾಡಬೇಕು, ಅಪಘಾತವಾದರೆ ಏನು ಮಾಡಬೇಕೆಂದು ಕಾರ್ಮಿಕರಿಗೂ ನೆರೆಹೊರೆಯವರಿಗೂ ತಿಳಿಸಬೇಕು. 1989ರ ನಿಯಮಗಳು ಆರು ತಿಂಗಳಿಗೊಮ್ಮೆ ಅಣಕು ಕವಾಯತು ನಡೆಸಬೇಕೆಂದವು. ಗೋಡೆಯಾಚೆಯ ಯೋಜನೆಯನ್ನು ಜಿಲ್ಲಾಡಳಿತದ ಹೆಗಲಿಗೆ ಹೊರಿಸಿದವು.

ಕಾಗದದಲ್ಲಿ ಎಲ್ಲ ಇತ್ತು. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಎಲ್.ಜಿ. ಪಾಲಿಮರ್ಸ್‌ನಿಂದ ಸ್ಟೈರೀನ್ ಸೋರಿ ವೆಂಕಟಾಪುರದ ಸುತ್ತಿನ 12 ಜನ ಸತ್ತರು. ಸೈರನ್ ಇತ್ತು, ಒತ್ತುವ ಗುಂಡಿಗಳಿದ್ದವು. ಯಾರೂ ಒತ್ತಲಿಲ್ಲ ಅಂತ ಸರ್ಕಾರದ ಸಮಿತಿಯೇ ಹೇಳಿತು. ಮೂವತ್ತಾರು ವರ್ಷದಲ್ಲಿ ಬದಲಾದದ್ದು ವಿಷದ ಹೆಸರು ಮಾತ್ರ.

ತುರ್ತು ಯೋಜನೆ ಕಪಾಟಿನೊಳಗಿನ ಫೈಲಲ್ಲ. ಯಾವ ವಿಷ ಎಷ್ಟಿದೆ, ಸೈರನ್ ಯಾರು ಒತ್ತಬೇಕು, ಯಾವ ದಾರಿ ಹಿಡಿಯಬೇಕು, ಆಸ್ಪತ್ರೆಯಲ್ಲಿ ಮದ್ದು ಏನಿದೆ — ಇದು ಗುತ್ತಿಗೆ ಕೂಲಿಗೂ, ಗೋಡೆ ಪಕ್ಕದ ಶಾಲೆಯ ಮೇಷ್ಟ್ರಿಗೂ ಬಾಯಿಪಾಠವಾಗಿದ್ದರೆ ಮಾತ್ರ ಅದು ಯೋಜನೆ. ವಿಷವನ್ನು ನಮ್ಮ ಪಕ್ಕದಲ್ಲಿ ತಂದಿಟ್ಟವರು ಅದರ ಹೆಸರನ್ನಾದರೂ ನಮಗೆ ಹೇಳಲೇಬೇಕು. ಗೇಟಿನ ಮುಂದೆ ನಿಂತು ಕೇಳೋಣ. ಸೈರನ್ನಿಗೆ ಕಾಯುವುದು ಬೇಡ.