ಕರಡಾಳು ಶಾಸನ ಮತ್ತು ತೆಂಗಿನ ಸೀಮೆಯ ಸ್ಮಾರಕ ಬಸದಿಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯು ತೆಂಗಿಗೂ ಕೊಬ್ಬರಿಗೂ ಹೆಸರಾಂತುದು. ಕೆರೆಗಳನ್ನು ನಂಬಿ ಬೆಳೆದ ಸೀಮೆಯಾದುದರಿಂದ ತುರುವೇಕೆರೆ, ನೊಣವಿನಕೆರೆ, ಹೆಗ್ಗೆರೆ ಮುಂತಾಗಿ ಇಲ್ಲಿಯ ಊರುಗಳ ಹೆಸರಿನಲ್ಲಿಯೇ ಕೆರೆಯು ನೆಲೆಸಿದೆ. ಆದರೆ ಶ್ರವಣಬೆಳಗೊಳದ ನೆರೆಯ ಈ ನಾಡು ಒಂದು ಕಾಲಕ್ಕೆ ಜಿನಧರ್ಮದ ನೆಲೆವೀಡೂ ಆಗಿತ್ತೆಂಬುದು ನಮ್ಮವರಲ್ಲಿಯೇ ಅನೇಕರ ನೆನಪಿನಿಂದ ಮರೆಯಾಗಿದೆ. ಆ ನೆನಪನ್ನು ಉಳಿಸಿಕೊಂಡಿರುವುದು ಕಲ್ಲು. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡನೆಯ ಸಂಪುಟವು ತುಮಕೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ತಿಪಟೂರು ತಾಲ್ಲೂಕಿನ ಕರಡಾಳು ಗ್ರಾಮದ ಬಸದಿಯ ಶಾಸನವು ಅದರಲ್ಲಿ ಸೇರಿದೆ.

ಹೊಯ್ಸಳರ ಕಾಲದ ಜೈನ ಶಾಸನಗಳ ರಚನೆಯಲ್ಲಿ ಒಂದು ಕ್ರಮವನ್ನು ಕಾಣಬಹುದು. ಮೊದಲಿಗೆ ಸಂಸ್ಕೃತದ ಮಂಗಳ ಶ್ಲೋಕ. ಸ್ಯಾದ್ವಾದವನ್ನೇ ಅಮೋಘ ಲಾಂಛನವಾಗಿ ಉಳ್ಳ ಜಿನಶಾಸನಕ್ಕೆ ಜಯವನ್ನು ಕೋರುವ ಶ್ಲೋಕವು ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಇದು ಅಕಲಂಕದೇವರ 'ಪ್ರಮಾಣಸಂಗ್ರಹ'ದ ಆದಿಯಲ್ಲಿ ಬರುವಂಥದು. ತರ್ಕಶಾಸ್ತ್ರದ ಒಂದು ಗ್ರಂಥದ ನಾಂದಿಯು ಹಳ್ಳಿಹಳ್ಳಿಯ ಕಲ್ಲಿನ ಮೇಲೆ ಮೂಡಿತೆಂದರೆ, ಆಚಾರ್ಯರ ವಿದ್ಯೆಯು ಎಷ್ಟು ದೂರ ಹರಡಿತ್ತೆಂಬುದನ್ನು ಊಹಿಸಬಹುದು. ಅನಂತರ ರಾಜನ ಬಿರುದುಗಳು, ಗುರುಪರಂಪರೆ, ದಾನಿಯ ವಂಶ, ಭೂಮಿಯ ಎಲ್ಲೆಗಳು. ಈ ಭಾಗದಲ್ಲಿ ಕನ್ನಡವೇ ಪ್ರಧಾನ. ಎಲ್ಲೆಯು ಊರವರಿಗೆ ತಿಳಿಯಬೇಕಾದುದಷ್ಟೆ. ಕಡೆಯಲ್ಲಿ ದಾನವನ್ನು ಕಾಯ್ದವರಿಗೆ ಪುಣ್ಯವನ್ನೂ ಅಳಿದವರಿಗೆ ಪಾಪವನ್ನೂ ಸಾರುವ ಶ್ಲೋಕಗಳು ಬಹುಮಟ್ಟಿಗೆ ಪುನಃ ಸಂಸ್ಕೃತದಲ್ಲಿರುತ್ತವೆ. ಶಾಶ್ವತವಾದುದನ್ನು ಹೇಳಲು ಸಂಸ್ಕೃತ, ಊರಿನ ಸಂಗತಿಯನ್ನು ಹೇಳಲು ಕನ್ನಡ ಎಂಬ ಈ ಹೊಂದಾಣಿಕೆಯು ಸೊಗಸಾದುದು.

ಕರಡಾಳು ಶಾಸನವು ಸುಮಾರು ಕ್ರಿ.ಶ. 1174ಕ್ಕೆ ಸೇರಿದುದು; ಅಂದರೆ ಇಮ್ಮಡಿ ವೀರಬಲ್ಲಾಳನು ಪಟ್ಟವೇರಿದ ಮರುವರ್ಷದ ಹೊತ್ತಿನದು. ಅದರಲ್ಲಿ ವಿಜಯಯಾತ್ರೆಗಿಂತಲೂ ಮನಮುಟ್ಟುವುದು ಒಬ್ಬ ತಾಯಿಯ ಅಂತ್ಯಕಾಲದ ವೃತ್ತಾಂತ. ಹರ್ಯಲೆ ಎಂಬ ಶ್ರಾವಿಕೆಯು ತನ್ನ ಕಡೆಗಾಲವು ಸಮೀಪಿಸಿದುದನ್ನು ಅರಿತು ಮಗನಾದ ಭೂವಯನಾಯಕನನ್ನು ಬಳಿಗೆ ಕರೆಯುತ್ತಾಳೆ. ಕನಸಿನಲ್ಲಿಯೂ ತನ್ನನ್ನು ನೆನೆದು ಕೊರಗಬಾರದೆಂದೂ, ಧರ್ಮವೊಂದನ್ನೇ ನೆನೆಯಬೇಕೆಂದೂ ಅವನಿಗೆ ತಿಳಿಸುತ್ತಾಳೆ. ಧರ್ಮವನ್ನು ನಡೆಸಿದವನಿಗೆ ಉಳಿದ ಐಶ್ವರ್ಯಗಳು ತಾವಾಗಿಯೇ ಬರುತ್ತವೆ. ಆದುದರಿಂದ ತನಗೂ ಅವನಿಗೂ ಪುಣ್ಯವಾಗುವಂತೆ ಒಂದು ಜಿನಮಂದಿರವನ್ನು ಕಟ್ಟಿಸಬೇಕೆಂಬುದು ಅವಳ ಕೋರಿಕೆ. ಬಳಿಕ ಜಿನಪಾದಕ್ಕೆ ನಮಿಸಿ, ಪಂಚಪದಗಳನ್ನು ಉಚ್ಚರಿಸುತ್ತ ಅವಳು ಸಮಾಧಿಯನ್ನು ಪಡೆದಳೆಂದು ಶಾಸನವು ತಿಳಿಸುತ್ತದೆ.

ತಾಯಿಯು ಮಗನಿಗೆ ತನ್ನನ್ನು ಮರೆಯಲು ಹೇಳಿದಳು; ಆದರೆ ಆ ಮಾತೇ ಶಿಲೆಯಲ್ಲಿ ನಿಂತು, ಎಂಟು ಶತಮಾನಗಳು ಕಳೆದ ಮೇಲೂ ಅವಳನ್ನು ಮರೆಯಗೊಟ್ಟಿಲ್ಲ. ಅವಳು ಬೇಡವೆಂದುದು ಮೋಹವನ್ನು, ಬೇಕೆಂದುದು ಧರ್ಮವನ್ನು. ಸಲ್ಲೇಖನದ ತಿರುಳೂ ಇದೇ ಅಲ್ಲವೆ?

ಇಂತಹ ನಿದರ್ಶನವು ಈ ಭಾಗದಲ್ಲಿ ಒಂಟಿಯಾದುದಲ್ಲ. ತುಮಕೂರಿನ ಬಳಿಯ ಕೈದಾಳದಲ್ಲಿ ಕ್ರಿ.ಶ. 1150ರ ಹೊತ್ತಿಗೆ ಸಾಮಂತ ಗೂಳಿಬಾಚಿಯು ಶಿವಾಲಯವನ್ನೂ ವಿಷ್ಣ್ವಾಲಯವನ್ನೂ ಕಟ್ಟಿಸಿದುದಲ್ಲದೆ, ಮಡದಿ ಭೀಮಲೆಯ ನೆನಪಿಗಾಗಿ ಭೀಮಜಿನಾಲಯವನ್ನೂ ಎತ್ತಿಸಿದನು. ಹುಳಿಯಾರಿನ ಸಾಮಂತನಾದ ಗೋವಿದೇವನು ಅದಕ್ಕೆ ಸಮೀಪದ ಹೆಗ್ಗೆರೆಯಲ್ಲಿ ಸುಮಾರು 1160ರಲ್ಲಿ ಮಡದಿ ಮಹಾದೇವಿ ನಾಯಕಿತಿಯ ಸ್ಮರಣಾರ್ಥ ಚೆನ್ನಪಾರ್ಶ್ವ ಬಸದಿಯನ್ನು ನಿರ್ಮಿಸಿದನು. ಸುಮಾರು ಇಪ್ಪತ್ತೈದು ವರ್ಷಗಳ ಅವಧಿಯಲ್ಲಿ ಎದ್ದ ಈ ಮೂರು ಬಸದಿಗಳ ಹಿಂದೆಯೂ ಒಬ್ಬೊಬ್ಬ ಸ್ತ್ರೀಯ ಹೆಸರಿದೆ. ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದುದು ಎಲ್ಲರಿಗೂ ತಿಳಿದುದೇ. ಅರಮನೆಯಲ್ಲಿ ಬೆಳಗಿದ ಆ ದೀಪವು ನಾಯಕರ ಮನೆಗಳಲ್ಲಿಯೂ ಬೆಳಗುತ್ತಿತ್ತೆಂಬುದಕ್ಕೆ ಈ ಶಾಸನಗಳೇ ಸಾಕ್ಷಿ.

ಅಗಲಿದವರ ನೆನಪಿಗೆ ನಿಷಿಧಿಗಲ್ಲನ್ನು ನಿಲ್ಲಿಸುವ ವಾಡಿಕೆಯೂ ಆಗ ಇತ್ತು. ನಿಷಿಧಿಯು ಅಗಲಿದವರ ಹೆಸರನ್ನು ಉಳಿಸುತ್ತದೆ. ಬಸದಿಯಾದರೋ ಇರುವವರಿಗೆ ಆಸರೆಯಾಗುತ್ತದೆ. ಅಲ್ಲಿ ಅಷ್ಟವಿಧಾರ್ಚನೆ ನಡೆಯಬೇಕು, ಋಷಿಸಮುದಾಯಕ್ಕೆ ಆಹಾರದಾನ ಸಲ್ಲಬೇಕು. ಇದಕ್ಕಾಗಿ ಗದ್ದೆ, ಬೆದ್ದಲು, ತೋಟಗಳನ್ನು ಬಿಡುತ್ತಿದ್ದರು. ಇಂತಹ ದತ್ತಿಗಳ ಉದ್ದೇಶಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸಂಸ್ಕೃತ ನುಡಿಯು 'ಖಂಡಸ್ಫುಟಿತ ಜೀರ್ಣೋದ್ಧಾರ'. ಮುರಿದುದನ್ನು, ಬಿರಿದುದನ್ನು, ಹಳತಾದುದನ್ನು ಸರಿಪಡಿಸುವುದು ಎಂದರ್ಥ. ಕಟ್ಟಿಸುವ ದಿನವೇ ಮುಂದೆ ಕಟ್ಟಡವು ಬಿರುಕು ಬಿಡುವುದೆಂಬ ಅರಿವು ನಮ್ಮ ಹಿರಿಯರಿಗೆ ಇತ್ತು. ತಮ್ಮ ಕಾಲದ ಬಳಿಕವೂ ಯಾರಾದರೂ ಬಂದು ಅದನ್ನು ಎತ್ತಿ ನಿಲ್ಲಿಸುವರೆಂಬ ಭರವಸೆಯೂ ಇತ್ತು.

ಪ್ರತಿಷ್ಠಾ ಮಹೋತ್ಸವದ ಈ ಶುಭಸಂದರ್ಭದಲ್ಲಿ ಆ ಭರವಸೆಯು ನಮ್ಮನ್ನೇ ಕುರಿತುದೆಂದು ಭಾವಿಸುವುದು ಉಚಿತ. ಬಿಂಬಪ್ರತಿಷ್ಠೆಯಷ್ಟೇ ಅಕ್ಷರರಕ್ಷಣೆಯೂ ನಮ್ಮ ಹೊಣೆ. ಹಳೆಯ ಬಸದಿಯ ಜೀರ್ಣೋದ್ಧಾರದಲ್ಲಿ ಶಾಸನದ ಕಲ್ಲಿಗೆ ಸುಣ್ಣ ಬಳಿಯದೆ, ಉಳಿ ತಾಗಿಸದೆ, ಅದನ್ನು ಮೆಟ್ಟಿಲಿಗೋ ಅಡಿಪಾಯಕ್ಕೋ ಹಾಕದೆ ಕಾಪಾಡಬೇಕು. ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ ಅಕ್ಷರವುಳ್ಳ ಕಲ್ಲು ಕಂಡರೆ ಅದನ್ನು ಕದಲಿಸದೆ ಬಲ್ಲವರಿಗೆ ತಿಳಿಸಬೇಕು. ಒಂದು ಸಾಲು ಸವೆದರೆ ಒಬ್ಬ ಹರ್ಯಲೆಯು ಮರೆಯಾಗುತ್ತಾಳೆ. ದಾನವನ್ನು ಕೊಟ್ಟವರಿಗಿಂತ ಕಾಯ್ದವರ ಪುಣ್ಯವೇ ಹಿರಿದೆಂದು ಶಾಸನಗಳು ಸಾರುತ್ತವೆ. ಆ ಪುಣ್ಯವು ನಮ್ಮ ಪಾಲಿಗೆ ಉಳಿದಿದೆ.

ಭದ್ರಂ ಭೂಯಾತ್. ಜೈನಂ ಜಯತು ಶಾಸನಂ.